ಆಲ್ಬಮ್‌ಗೊಂದು ಪ್ರಿಂಟರ್: ಹದಿನಾರು ವಾರಗಳ ದಾಖಲೆ

ಮೊದಲ ವಾರ

ಕಳೆದ 15 ವರ್ಷಗಳಲ್ಲಿ ತೆಗೆದು ಹಾರ್ಡ್ ಡಿಸ್ಕಿನಲ್ಲಿ ಗುಡ್ಡೆ ಹಾಕಿದ್ದ ಫೋಟೋಗಳಿಂದ 240ನ್ನು ಆರಿಸಿ, ಅಕ್ಕನಿಗೆ ಕೊಡಲು ಒಂದು ಆಲ್ಬಮ್ ಮಾಡಬೇಕೆಂದು ನಿರ್ಧರಿಸಿದ್ದೇನೆ. ಅವುಗಳಲ್ಲಿ 228 ಫೋಟೋಗಳು 4×6 ಇಂಚಿನ ಅಳತೆಯವು, ಉಳಿದ 12 ಎ4 ಅಳತೆಯವು. ಒಟ್ಟಿನಲ್ಲಿ 26 ಕಪ್ಪು-ಬಿಳುಪಿನವು. ಎಲ್ಲವನ್ನೂ ಸ್ಟುಡಿಯೋಗೆ ಕೊಟ್ಟರೆ ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ, ಖರ್ಚೂ ಬಹುಶಃ ಕಡಿಮೆಯೇ ಆದೀತು ಎಂಬುದನ್ನು ಆರಂಭದಲ್ಲೇ ಒಪ್ಪಿಕೊಳ್ಳುತ್ತೇನೆ. ಆದರೆ ಹಿಂದೊಮ್ಮೆ ಹಾಗೆ ಕೊಟ್ಟಾಗ ಅಲ್ಲಿನ ಯಂತ್ರ ಪ್ರತಿಯೊಂದು ಫೋಟೋವನ್ನೂ ತನಗೆ ತೋಚಿದಂತೆ ತಿದ್ದಿ, ಮುಸ್ಸಂಜೆಯಲ್ಲಿ ತೆಗೆದದ್ದನ್ನು ನಡು ಮಧ್ಯಾಹ್ನದಂತೆ ಬೆಳಗಿಸಿಬಿಟ್ಟಿತ್ತು. ಈ ಬಾರಿ ಹಾಗಾಗಬಾರದು ಎಂಬ ಹಟವೇ ಮನೆಗೊಂದು ಪ್ರಿಂಟರ್ ಕೊಳ್ಳುವ ಯೋಚನೆಗೆ ಮೂಲ.

ಯಾವ ಯಂತ್ರ ಸಿಕ್ಕರೂ ಅದರಲ್ಲಿ ಮುದ್ರಿಸಿ ನೋಡಲು ಮೂರು ಫೋಟೋಗಳನ್ನು ಎತ್ತಿಟ್ಟುಕೊಂಡಿದ್ದೇನೆ. ಮೊದಲನೆಯದು ಜೋಕಾಲಿಯ ಮೇಲೆ ಕುಳಿತ ಅಕ್ಕನ ಮಗಳದು. ಸಂಜೆಯ ಬೆಳಕು ಒಂದು ಕೆನ್ನೆಯ ಮೇಲಷ್ಟೇ ಬಿದ್ದು, ಇನ್ನೊಂದು ಕೆನ್ನೆ ನಿಧಾನವಾಗಿ ನೆರಳಿಗೆ ಸರಿಯುತ್ತದೆ. ಎರಡನೆಯದು ಸ್ಕ್ಯಾನ್ ಮಾಡಿದ ಅಪ್ಪನ ಹಳೆಯ ಕಪ್ಪು-ಬಿಳುಪು ಭಾವಚಿತ್ರ. ಬೂದು ಬಣ್ಣದಲ್ಲಿ ಹಸಿರೋ ಗುಲಾಬಿಯೋ ಇಣುಕಿದರೆ ಅದು ತಕ್ಷಣ ಹೇಳಿಬಿಡುತ್ತದೆ. ಮೂರನೆಯದು ಮಳೆಯಲ್ಲಿ ಬಿಚ್ಚಿದ ಕಡುಗೆಂಪು ಕೊಡೆ; ಯಂತ್ರದ ಬಣ್ಣದ ಮಿತಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ತಿಳಿಯಲು ಅದು.

ಎರಡನೆಯ ವಾರ

ಕಲರ್ ಲೇಸರ್ ಪ್ರಿಂಟರ್ ಅನ್ನು ಪಟ್ಟಿಯಿಂದ ತೆಗೆಯಲು ಅರ್ಧ ಗಂಟೆ ಸಾಕಾಯಿತು. ಪರಿಚಿತರೊಬ್ಬರ ಕಚೇರಿಯಲ್ಲಿ ಮುದ್ರಿಸಿದ ಜೋಕಾಲಿಯ ಫೋಟೋದಲ್ಲಿ ಕೆನ್ನೆಯ ನೆರಳು ಜಾರುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಲೇಸರ್ ಯಂತ್ರದಲ್ಲಿ ಶಾಯಿಯ ಬದಲು ಬಳಸುವ ಟೋನರ್ ಎಂಬುದು ಒಣ ಪುಡಿ. ಅದನ್ನು ಶಾಖದಿಂದ ಕಾಗದಕ್ಕೆ ಕರಗಿಸಿ ಅಂಟಿಸುವುದರಿಂದ ತಿಳಿಬಣ್ಣಗಳನ್ನು ಚುಕ್ಕೆಗಳ ಜಾಲರಿಯಿಂದಲೇ ಮೂಡಿಸಬೇಕಾಗುತ್ತದೆ. ಶಾಯಿಯ ಹನಿಗಳನ್ನು ಚಿಮ್ಮಿಸಿ ಮುದ್ರಿಸುವ ಇಂಕ್‌ಜೆಟ್‌ಗೆಂದು ತಯಾರಾದ ಗ್ಲಾಸಿ ಕಾಗದವನ್ನು ಇಂಥ ಯಂತ್ರಕ್ಕೆ ಹಾಕಿದರೆ ಅದರ ಲೇಪ ಕರಗಿ ಒಳಗಿನ ರೋಲರಿಗೆ ಅಂಟಿಕೊಳ್ಳುವ ಅಪಾಯವೂ ಇದೆ. ಪತ್ರ, ವರದಿಗಳಿಗೆ ಇದಕ್ಕಿಂತ ಒಳ್ಳೆಯ ಯಂತ್ರವಿಲ್ಲದಿರಬಹುದು, ಮುಖಗಳಿಗಂತೂ ಇದಲ್ಲ.

ಮೂರು ಮತ್ತು ನಾಲ್ಕನೆಯ ವಾರ

ಗೆಳೆಯನೊಬ್ಬನಿಂದ ಅಂಗೈಗಿಂತ ಸ್ವಲ್ಪ ದೊಡ್ಡದಾದ ಡೈ-ಸಬ್ಲಿಮೇಶನ್ ಪ್ರಿಂಟರ್ ಎರವಲು ಸಿಕ್ಕಿತು, ಮತ್ತು ಹದಿನೈದು ದಿನ ಅದು ನನ್ನನ್ನು ಬಹುತೇಕ ಗೆದ್ದುಬಿಟ್ಟಿತ್ತು. ಇದರಲ್ಲಿ ದ್ರವರೂಪದ ಶಾಯಿಯೇ ಇಲ್ಲ. ತೆಳುವಾದ ರಿಬ್ಬನ್ನಿನ ಮೇಲಿರುವ ಬಣ್ಣವನ್ನು ಬಿಸಿ ಹೆಡ್ (ಮುದ್ರಿಸುವ ಭಾಗ) ಆವಿಯಂತೆ ಎಬ್ಬಿಸಿ ಕಾಗದದ ಲೇಪದೊಳಗೆ ಇಳಿಸುತ್ತದೆ. ಒಂದೇ ಹಾಳೆ ಹಿಂದೆ ಮುಂದೆ ನಾಲ್ಕು ಬಾರಿ ಓಡಾಡುತ್ತದೆ: ಮೊದಲು ಹಳದಿ, ಅನಂತರ ಮೆಜೆಂಟಾ ಎಂಬ ನೇರಳೆಗೆಂಪು, ಅದರ ಮೇಲೆ ಸಯಾನ್ ಎಂಬ ಹಸಿರುನೀಲಿ, ಕೊನೆಗೆ ಬೆರಳಚ್ಚು ಮತ್ತು ನೀರಿನ ಹನಿಗಳಿಂದ ಕಾಪಾಡುವ ಪಾರದರ್ಶಕ ಪದರ. ಮೊದಲ ಸುತ್ತಿನಲ್ಲಿ ಹಳದಿ ಭೂತದಂತೆ ಕಾಣುವ ಮುಖ ಎರಡನೆಯದರಲ್ಲಿ ರಕ್ತ ತುಂಬಿಕೊಂಡು, ಮೂರನೆಯದರಲ್ಲಿ ಸಹಜವಾಗಿ ಹೊರಬರುವುದನ್ನು ನೋಡುತ್ತ ಕೂತರೆ ಮುದ್ರಿಸಬೇಕಾದ್ದೇ ಮರೆತುಹೋಗುತ್ತದೆ.

ಹೆಡ್ಡಿನ ಶಾಖವನ್ನು ಹೆಚ್ಚು ಕಡಿಮೆ ಮಾಡಿ ಪ್ರತಿ ಬಿಂದುವಿನಲ್ಲೂ ಬಣ್ಣದ ಸಾಂದ್ರತೆಯನ್ನೇ ಬದಲಿಸಬಹುದಾದ ಕಾರಣ ಇಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕೆ) ಎಂಬ ಸಾಧಾರಣವಾಗಿ ಕಾಣುವ ಅಂಕಿಯೇ ಧಾರಾಳವಾಗಿ ಸಾಕು. ಕೆನ್ನೆಯ ನೆರಳು ಬೆಣ್ಣೆಯಂತೆ ಜಾರಿತ್ತು. ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟರೂ ಒಣಗಲು ಇದರಲ್ಲಿ ಶಾಯಿಯಿಲ್ಲ ಎಂಬುದು ಇನ್ನೊಂದು ದೊಡ್ಡ ಗುಣ. ವರ್ಷಕ್ಕೆ ಎರಡು ಬಾರಿ ಮಾತ್ರ ಫೋಟೋ ಮುದ್ರಿಸುವವರು ಇದನ್ನು ಬಿಟ್ಟು ಬೇರೆ ನೋಡಬೇಕಿಲ್ಲ ಎಂದೇ ನನ್ನ ಅಭಿಪ್ರಾಯ.

ಆದರೂ ಹಿಂದಿರುಗಿಸಿದೆ. ಎ4 ಅಳತೆ ಇದರಿಂದಾಗದು, ಮತ್ತು ಅದರ ಪೋಸ್ಟ್‌ಕಾರ್ಡ್ ಕಾಗದ 100×148 ಮಿಲಿಮೀಟರ್ ಇದ್ದುದರಿಂದ ನಾನು ತಂದಿಟ್ಟ 4×6 ಇಂಚಿನ ಆಲ್ಬಮ್ ತೋಳುಗಳಲ್ಲಿ (ಫೋಟೋ ತೂರಿಸುವ ಪ್ಲಾಸ್ಟಿಕ್ ಜೇಬುಗಳಲ್ಲಿ) ಫೋಟೋ ಅಲ್ಲಾಡುತ್ತಿತ್ತು. ಕಪ್ಪು ರಿಬ್ಬನ್ ಇಲ್ಲದೆ ಮೂರು ಬಣ್ಣಗಳನ್ನು ಬೆರೆಸಿಯೇ ಕಪ್ಪು ಮಾಡುವುದರಿಂದ ಅಪ್ಪನ ಕೋಟು ಕಡು ಕಂದು ಬಣ್ಣಕ್ಕೆ ವಾಲಿತ್ತು. ಹಾಳೆಯ ಮೇಲೆ ಕೂತ ಒಂದು ಧೂಳಿನ ಕಣ ಜೋಕಾಲಿಯ ಹಗ್ಗದ ಪಕ್ಕ ಬಿಳಿ ಚುಕ್ಕೆಯಾಗಿ ಉಳಿಯಿತು. ಇನ್ನೊಂದು ಮಾತು: ಬಳಸಿದ ರಿಬ್ಬನ್ ಬಿಚ್ಚಿ ಬೆಳಕಿಗೆ ಹಿಡಿದಾಗ ಮುದ್ರಿಸಿದ ಪ್ರತಿಯೊಂದು ಮುಖವೂ ನೆಗೆಟಿವ್‌ನಂತೆ ಅದರಲ್ಲಿ ಸಾಲಾಗಿ ನಿಂತಿತ್ತು. ಖಾಸಗಿ ಫೋಟೋ ಮುದ್ರಿಸಿದವರು ಅದನ್ನು ಹಾಗೇ ಕಸಕ್ಕೆ ಎಸೆಯದೆ ಕತ್ತರಿಸಿ ಎಸೆಯುವುದು ಒಳ್ಳೆಯದು.

ಐದನೆಯ ವಾರ

ಪುಕ್ಕಟೆಯಾಗಿ ಬಂದ ನಾಲ್ಕು ಬಣ್ಣದ ಹಳೆಯ ಇಂಕ್‌ಜೆಟ್ ಒಂದರ ಜೊತೆ ಇಡೀ ವಾರ ಹೋಯಿತು. ವರ್ಷಕ್ಕೂ ಹೆಚ್ಚು ಕಾಲ ಅದನ್ನು ಯಾರೂ ಮುಟ್ಟಿರಲಿಲ್ಲ. ನಾಝಲ್ (ಶಾಯಿ ಹೊರಬರುವ ಸೂಕ್ಷ್ಮ ರಂಧ್ರ) ಪರೀಕ್ಷೆಯ ಹಾಳೆಯಲ್ಲಿ ಸಯಾನ್ ಪಟ್ಟಿಯೇ ಇರಲಿಲ್ಲ. ಆರು ಬಾರಿ ಹೆಡ್ ಕ್ಲೀನಿಂಗ್ ಮಾಡಿದ ಮೇಲೆ ಸಯಾನ್ ಅರ್ಧ ಬಂತು, ಅಷ್ಟರೊಳಗೆ ಹಳದಿ ಖಾಲಿಯಾಗಿತ್ತು. ಕ್ಲೀನಿಂಗ್ ಎಂದರೆ ಒಳಗೆ ಏನನ್ನೋ ಒರೆಸುವುದಲ್ಲ, ಶಾಯಿಯನ್ನೇ ಎಳೆದು ಒಳಗಿನ ಸ್ಪಂಜಿಗೆ ಚೆಲ್ಲುವುದು ಎಂಬುದು ಆಗ ಚೆನ್ನಾಗಿ ಅರ್ಥವಾಯಿತು.

ಈ ವಾರದ ಓದಿನಿಂದ ತಿಳಿದ ಒಂದು ಸಂಗತಿ ಇಲ್ಲಿ ಸಲ್ಲುತ್ತದೆ. ಕ್ಯಾನನ್ ಮತ್ತು ಎಚ್‌ಪಿ ಪ್ರಿಂಟರುಗಳ ಹೆಡ್ಡಿನಲ್ಲಿ ಶಾಯಿಯನ್ನು ಕ್ಷಣಾರ್ಧದಲ್ಲಿ ಕಾಯಿಸಿ, ಏಳುವ ಗುಳ್ಳೆಯ ಒತ್ತಡದಿಂದ ಹನಿಯನ್ನು ಚಿಮ್ಮಿಸುತ್ತಾರೆ. 1977ರಲ್ಲಿ ಕ್ಯಾನನ್ ಪ್ರಯೋಗಾಲಯದಲ್ಲಿ ಬಿಸಿ ಬೆಸುಗೆ ಕಡ್ಡಿಯೊಂದು ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಅಕಸ್ಮಾತ್ ತಗುಲಿ, ತುದಿಯಿಂದ ಶಾಯಿ ಸಿಡಿದದ್ದೇ ಆ ವಿಧಾನಕ್ಕೆ ಪ್ರೇರಣೆಯಂತೆ. ಎಪ್ಸನ್ ಕಾಯಿಸುವುದಿಲ್ಲ, ವಿದ್ಯುತ್ ಹರಿದಾಗ ಬಾಗುವ ಪೀಜೋ ಹರಳಿನಿಂದ ಹನಿಯನ್ನು ನೂಕುತ್ತದೆ. ಕೊಳ್ಳುವವನಿಗೆ ಈ ವ್ಯತ್ಯಾಸದಿಂದ ಚಿತ್ರದಲ್ಲೇನೂ ಕಾಣುವುದಿಲ್ಲ, ಆದರೆ ಹೆಡ್ ಕಟ್ಟಿಕೊಂಡಾಗ ಅದನ್ನು ಬಿಚ್ಚಿ ಬದಲಿಸಬಹುದೇ ಎಂಬುದನ್ನು ಮೊದಲೇ ವಿಚಾರಿಸಬೇಕು. ಎರಡೂ ಬಗೆಯವುಗಳಿಗೆ ವಾರಕ್ಕೊಮ್ಮೆಯಾದರೂ ಕೆಲಸ ಕೊಡಬೇಕು. ನನ್ನ ಲೆಕ್ಕದಲ್ಲಿ ವಾರಕ್ಕೆ ಹತ್ತು ಫೋಟೋ, ಹೀಗೆ ಆರು ತಿಂಗಳು. ಆದ್ದರಿಂದ ಇಂಕ್‌ಜೆಟ್ ನನಗೆ ಒಗ್ಗುತ್ತದೆ ಎಂದು ಈ ಹಾಳಾದ ಯಂತ್ರವೇ ನಿರ್ಧರಿಸಿಕೊಟ್ಟಿತು.

ಆರರಿಂದ ಎಂಟನೆಯ ವಾರ

ಇನ್ನು ಉಳಿದದ್ದು ಎಂಥ ಶಾಯಿ, ಎಷ್ಟು ಬಣ್ಣ ಎಂಬ ಪ್ರಶ್ನೆ. ನಿಜವಾದ ಆಯ್ಕೆ ಇರುವುದು ಇಲ್ಲಿಯೇ, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ 5760 ಡಿಪಿಐ ಎಂಬಂಥ ಅಂಕಿಗಳಲ್ಲಲ್ಲ. ಆ ಅಂಕಿ ಹನಿಗಳನ್ನು ಎಷ್ಟು ಒತ್ತೊತ್ತಾಗಿ ಬೀಳಿಸಬಹುದು ಎಂಬುದನ್ನು ಹೇಳುತ್ತದೆಯೇ ಹೊರತು ಚಿತ್ರದ ವಿವರವನ್ನಲ್ಲ. ಇಂಚಿಗೆ 300 ಪಿಕ್ಸೆಲ್ ಎಂದಿಟ್ಟುಕೊಂಡರೆ 4×6 ಫೋಟೋಗೆ 1200×1800, ಅಂದರೆ ಸುಮಾರು 22 ಲಕ್ಷ ಪಿಕ್ಸೆಲ್ ಸಾಕು. ಎ4ಗೆ 2480×3508, ಸುಮಾರು 87 ಲಕ್ಷ. ಹಳೆಯ ಫೋನಿನ ಫೋಟೋವೂ ಆಲ್ಬಮ್ಮಿಗೆ ಸಾಲುತ್ತದೆ ಎಂಬ ಸಮಾಧಾನ ಈ ಗುಣಾಕಾರದಿಂದ ಸಿಕ್ಕಿತು.

ಶಾಯಿಯಲ್ಲಿ ಎರಡು ಜಾತಿ. ಡೈ ಶಾಯಿಯಲ್ಲಿ ಬಣ್ಣ ಪೂರ್ತಿ ಕರಗಿರುತ್ತದೆ, ಕಾಗದದ ಲೇಪದೊಳಗೆ ಇಳಿಯುತ್ತದೆ. ಹೀಗಾಗಿ ಗ್ಲಾಸಿ ಕಾಗದದ ಹೊಳಪು ಹಾಗೇ ಉಳಿದು ಬಣ್ಣ ಕಣ್ಣಿಗೆ ಹೊಡೆಯುವಂತೆ ಮೂಡುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣದ ಸೂಕ್ಷ್ಮ ಕಣಗಳು ತೇಲುತ್ತಿದ್ದು ಕಾಗದದ ಮೇಲ್ಮೈಯಲ್ಲೇ ನಿಲ್ಲುತ್ತವೆ. ಬೆಳಕಿಗೂ ಗಾಳಿಯಲ್ಲಿರುವ ಓಝೋನ್‌ಗೂ ಅವು ಹೆಚ್ಚು ಕಾಲ ತಡೆಯುತ್ತವೆ. ಆದರೆ ಗ್ಲಾಸಿ ಹಾಳೆಯನ್ನು ಓರೆ ಹಿಡಿದರೆ ಕಪ್ಪು ಭಾಗ ಕಂಚಿನಂತೆ ಮಿನುಗುವುದೂ, ಶಾಯಿ ಬೀಳದ ಬಿಳಿ ಭಾಗದ ಹೊಳಪು ಬೇರೆಯಾಗಿ ಕಾಣುವುದೂ ಉಂಟು. ಗೋಡೆಗೆ ತೂಗುಹಾಕುವ ಚಿತ್ರಗಳಾಗಿದ್ದರೆ ಯೋಚಿಸದೆ ಪಿಗ್ಮೆಂಟ್ ಎನ್ನುತ್ತಿದ್ದೆ. ನನ್ನವು ಆಲ್ಬಮ್ಮಿನೊಳಗೆ, ಕತ್ತಲಲ್ಲಿ, ಗಾಳಿಯಿಂದ ದೂರ ಇರುವಂಥವು. ಡೈ ಸಾಕು.

ಬಣ್ಣಗಳ ಸಂಖ್ಯೆಯ ವಿಷಯದಲ್ಲಿ ಭೂತಗನ್ನಡಿ ತೀರ್ಪು ಕೊಟ್ಟಿತು. ನಾಲ್ಕು ಬಣ್ಣದ ಯಂತ್ರದಲ್ಲಿ ಮುದ್ರಿಸಿದ ಕೆನ್ನೆಯ ಮೇಲೆ ಬಿಡಿಬಿಡಿಯಾದ ಮೆಜೆಂಟಾ ಚುಕ್ಕೆಗಳು ಮರಳು ಎರಚಿದಂತೆ ಕಂಡವು. ತಿಳಿ ಸಯಾನ್ ಮತ್ತು ತಿಳಿ ಮೆಜೆಂಟಾ ಸೇರಿದ ಆರು ಬಣ್ಣದ ಯಂತ್ರದಲ್ಲಿ ಅದೇ ಜಾಗ ನಯವಾಗಿತ್ತು. ಒಂದು ಪಿಕೋಲೀಟರ್, ಅಂದರೆ ಲೀಟರಿನ ಲಕ್ಷ ಕೋಟಿಯಲ್ಲೊಂದು ಪಾಲು. ಈಗಿನ ಫೋಟೋ ಪ್ರಿಂಟರುಗಳ ಹನಿಗಳು ಒಂದೆರಡು ಪಿಕೋಲೀಟರಿನಷ್ಟೇ ಇದ್ದರೂ ಗಾಢ ಶಾಯಿಯ ಹನಿ ಬಿಳಿ ಹಾಳೆಯ ಮೇಲೆ ಒಂಟಿಯಾಗಿ ಬಿದ್ದರೆ ಎದ್ದು ಕಾಣುತ್ತದೆ. ಇನ್ನೊಂದು ಗುಟ್ಟೂ ಇದೆ: ಅನೇಕ ನಾಲ್ಕು ಬಣ್ಣದ ಯಂತ್ರಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಅದು ಅಕ್ಷರಗಳಿಗಾಗಿ ಇರುವಂಥದ್ದು, ಗ್ಲಾಸಿ ಹಾಳೆ ಎಂದು ಆರಿಸಿದ ಕೂಡಲೇ ಅದು ಸುಮ್ಮನಾಗಿ ಉಳಿದ ಮೂರೇ ಬಣ್ಣ ಕೆಲಸ ಮಾಡುತ್ತವೆ. ಅಪ್ಪನ ಕೋಟು ಅಲ್ಲಿಯೂ ಏಕೆ ಮಂಕಾಗಿತ್ತು ಎಂಬುದಕ್ಕೆ ಉತ್ತರ ಸಿಕ್ಕಿತು.

ತಿಳಿ ಬಣ್ಣಗಳ ಬದಲು ಬೂದು ಶಾಯಿಯಿರುವ ಆರು ಬಣ್ಣದ ಯಂತ್ರಗಳೂ ಇವೆ, ಅವು ಕಪ್ಪು-ಬಿಳುಪಿಗೆ ಹೆಚ್ಚು ನಿಷ್ಠ. ಎರಡರ ನಡುವೆ ಮೂರು ದಿನ ತೂಗಾಡಿದೆ. ಕೊನೆಗೆ ಕಪ್ಪು-ಬಿಳುಪಿನ 26ಕ್ಕಿಂತ ಬಣ್ಣದ 214 ದೊಡ್ಡದು ಎಂಬ ಸರಳ ಲೆಕ್ಕದಿಂದ ತಿಳಿ ಬಣ್ಣಗಳ ಕಡೆ ವಾಲಿದೆ.

ಕಾರ್ಟ್ರಿಜ್ ಅಥವಾ ಟ್ಯಾಂಕ್ ಎಂಬ ಪ್ರಶ್ನೆಯಲ್ಲಿ ಹೆಚ್ಚು ಯೋಚಿಸಲಿಲ್ಲ. ಬಾಟಲಿಯಿಂದ ಶಾಯಿ ಸುರಿಯುವ ಟ್ಯಾಂಕ್ ಯಂತ್ರ ಮೊದಲಿಗೆ ದುಬಾರಿ, ಅನಂತರ ಅಗ್ಗ. ಒಂದು ಎಚ್ಚರಿಕೆ ಮಾತ್ರ. ಪೆಟ್ಟಿಗೆಯ ಮೇಲೆ ಇಷ್ಟು ಸಾವಿರ ಪುಟ ಎಂದು ಬರೆದಿರುವುದು ಸಾಮಾನ್ಯವಾಗಿ ಐಎಸ್‌ಒ/ಐಇಸಿ 24711 ಮತ್ತು 24712 ಎಂಬ ಅಂತರರಾಷ್ಟ್ರೀಯ ಮಾನದಂಡಗಳ ಪ್ರಕಾರ, ಅಕ್ಷರವೂ ಬಿಳಿ ಜಾಗವೂ ಹೆಚ್ಚಿರುವ ಕಚೇರಿ ಪುಟಗಳನ್ನು ಮುದ್ರಿಸಿ ಪಡೆದ ಅಂಕಿ. ಅಂಚಿನಿಂದ ಅಂಚಿಗೆ ಶಾಯಿ ತುಂಬುವ ಫೋಟೋಗೆ ಅದು ಅನ್ವಯಿಸುವುದಿಲ್ಲ. ಅಂಚಿಲ್ಲದ ಮುದ್ರಣದಲ್ಲಿ ಹಾಳೆಯಾಚೆ ಬೀಳುವ ಶಾಯಿಯೂ ವೇಸ್ಟ್ ಪ್ಯಾಡ್ ಎಂಬ ಒಳಗಿನ ಆ ಸ್ಪಂಜಿಗೇ ಸೇರುತ್ತದೆ, ಅದು ತುಂಬಿತೆಂದರೆ ಯಂತ್ರ ನಿಂತುಬಿಡುತ್ತದೆ. ಆ ಪ್ಯಾಡ್ ಇರುವ ಡಬ್ಬಿಯನ್ನು ನಾವೇ ಬದಲಿಸಬಹುದಾದ ಯಂತ್ರವೇ ಬೇಕೆಂದು ಹಟ ಹಿಡಿದೆ.

ಒಂಬತ್ತನೆಯ ವಾರ

ಆರು ಬಣ್ಣದ, ಎ4 ಅಳತೆಯ, ಡೈ ಶಾಯಿಯ ಟ್ಯಾಂಕ್ ಪ್ರಿಂಟರ್ ಬಂತು. ಮಾದರಿಗಳು ಬೇಗ ಬದಲಾಗುವುದರಿಂದ ಹೆಸರು ಬರೆದು ಪ್ರಯೋಜನವಿಲ್ಲ.

ಮೊದಲ ಹಾಳೆಯಲ್ಲಿ ಶಾಯಿ ಹನಿಹನಿಯಾಗಿ ನಿಂತು ರೋಲರಿಗೆಲ್ಲ ಮೆತ್ತಿತು. ಕಾಗದವನ್ನು ತಿರುಗುಮುರುಗಾಗಿ ಹಾಕಿದ್ದೆ. ಒದ್ದೆ ಬೆರಳಿನಿಂದ ಹಾಳೆಯ ಮೂಲೆಯನ್ನು ಮುಟ್ಟಿದರೆ ಅಂಟುವ ಬದಿಯೇ ಲೇಪದ ಬದಿ ಎಂಬ ಉಪಾಯ ಅನಂತರ ತಿಳಿಯಿತು. ಎರಡನೆಯ ಹಾಳೆ ಪೂರ್ತಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಫೋಟೋ ತಂತ್ರಾಂಶವೂ ಪ್ರಿಂಟರನ್ನು ನಡೆಸುವ ತಂತ್ರಾಂಶವಾದ ಡ್ರೈವರೂ ಇಬ್ಬರೂ ಬಣ್ಣ ತಿದ್ದಲು ಹೊರಟಿದ್ದರು. ಡ್ರೈವರಿನ ಬಣ್ಣ ತಿದ್ದುಪಡಿಯನ್ನು ನಿಲ್ಲಿಸಿ, ಆ ಕಾಗದದ ಮೇಲೆ ಬಣ್ಣ ಹೇಗೆ ಮೂಡುತ್ತದೆಂದು ತಿಳಿಸುವ ಐಸಿಸಿ ಪ್ರೊಫೈಲನ್ನು ತಂತ್ರಾಂಶದಲ್ಲೇ ಆರಿಸಿದ ಮೇಲೆ ಗುಲಾಬಿ ಹೋಯಿತು. ಮೂರನೆಯದು ಕಪ್ಪಿಟ್ಟಿತ್ತು, ಅದರ ತಪ್ಪು ಕಂಪ್ಯೂಟರ್ ಪರದೆಯದು. ಬೆಳಕನ್ನು ಪೂರ್ತಿ ಏರಿಸಿಟ್ಟಿದ್ದ ಪರದೆಯನ್ನು, ಪಕ್ಕದಲ್ಲಿ ಹಿಡಿದ ಬಿಳಿ ಹಾಳೆಯಷ್ಟೇ ಬೆಳ್ಳಗೆ ಕಾಣುವವರೆಗೂ ಇಳಿಸಿದಾಗ ಎರಡೂ ಹೊಂದಿಕೊಂಡವು.

ಹನ್ನೆರಡನೆಯ ವಾರ

ಕೊಡೆ ಎರಡು ಸಂಜೆಗಳನ್ನು ತಿಂದಿತು. ಪರದೆಯ ಮೇಲೆ ಕಾಣುವ ಆ ಕೆಂಪು ಶಾಯಿಗೆ ನಿಲುಕದ ಬಣ್ಣವಾದ್ದರಿಂದ ಬಟ್ಟೆಯ ಮಡಿಕೆಗಳೆಲ್ಲ ಒಂದೇ ಕೆಂಪು ತೇಪೆಯಾಗಿ ಸೇರಿಹೋಗಿದ್ದವು. ನಿಲುಕದ ಬಣ್ಣಗಳನ್ನು ಹೇಗೆ ಹೊಂದಿಸಬೇಕೆಂದು ಆರಿಸುವ ರೆಂಡರಿಂಗ್ ಇಂಟೆಂಟ್ ಎಂಬಲ್ಲಿ ರಿಲೇಟಿವ್ ಬದಲು ಪರ್ಸೆಪ್ಚುಯಲ್ ಆರಿಸಿದಾಗ ಕೆಂಪು ಕೊಂಚ ತಗ್ಗಿತು, ಮಡಿಕೆಗಳು ಮರಳಿದವು, ಕಡ್ಡಿಯ ತುದಿಯಲ್ಲಿ ತೂಗುತ್ತಿದ್ದ ಹನಿಯೂ ಕಂಡಿತು.

ಫೋನಿನಲ್ಲಿ ತೆಗೆದ ಫೋಟೋಗಳು 4:3 ಪ್ರಮಾಣದವು, ಕಾಗದ 3:2. ಅಂಚಿಲ್ಲದೆ ತುಂಬಿಸಿದರೆ ಚಿತ್ರದ ಒಂಬತ್ತನೆಯ ಒಂದು ಭಾಗ ಕತ್ತರಿಸಿಹೋಗುತ್ತದೆ. ಜೋಕಾಲಿಯ ಮೇಲಿನ ಮಗುವಿನ ಪಾದಗಳು ಹಾಗೆಯೇ ಹೋಗಿದ್ದವು. ಈಗ ಅಂಥವಕ್ಕೆ ಎರಡೂ ಬದಿಯಲ್ಲಿ ಬಿಳಿ ಅಂಚು ಬಿಡುತ್ತಿದ್ದೇನೆ, ನೋಡಲು ಅದೇ ಚೆನ್ನಾಗಿದೆ.

ಹದಿನಾರನೆಯ ವಾರ

ಇದುವರೆಗೆ 70 ಹಾಳೆ ಮುದ್ರಿಸಿ 61ನ್ನು ಆಲ್ಬಮ್ಮಿಗೆ ಸೇರಿಸಿದ್ದೇನೆ, ಒಂಬತ್ತು ಹಾಳಾದವು. ಮುದ್ರಿಸಿದ್ದನ್ನು ಒಂದಿಡೀ ದಿನ ತೆರೆದ ಗಾಳಿಯಲ್ಲಿ ಒಣಗಲು ಬಿಟ್ಟೇ ಪ್ಲಾಸ್ಟಿಕ್ ತೋಳಿಗೆ ಸೇರಿಸುತ್ತೇನೆ. ಅವಸರ ಮಾಡಿದ ಎರಡರಲ್ಲಿ ಶಾಯಿಯ ಆವಿ ಒಳಗೆ ಮಂಜಿನಂತೆ ಕಟ್ಟಿಕೊಂಡಿತ್ತು. ಅಪ್ಪನ ಭಾವಚಿತ್ರ ಕಿಟಕಿಯ ಬೆಳಕಿನಲ್ಲಿ ಸರಿಯಾಗಿದೆ, ಆದರೆ ರಾತ್ರಿ ಎಲ್‌ಇಡಿ ದೀಪದ ಕೆಳಗೆ ಬೂದು ಭಾಗ ತುಸು ಹಸಿರಾಗುತ್ತದೆ. ಬೂದು ಶಾಯಿಯನ್ನು ಬಿಟ್ಟದ್ದರ ದಂಡ ಅದು. ಅದರ ಪ್ರತಿಯೊಂದನ್ನು ಅಕ್ಕನಿಗೆ ತೋರಿಸಿದಾಗ ಅವಳು ಹಸಿರನ್ನು ಗಮನಿಸಲೇ ಇಲ್ಲ, ಕೋಟಿನ ಎರಡನೆಯ ಗುಂಡಿ ಬೇರೆ ಬಗೆಯದು ಎಂದಳು. ನಾನು ಅದನ್ನು ಈವರೆಗೆ ನೋಡಿಯೇ ಇರಲಿಲ್ಲ. ಮುಂದಿನ ವಾರ ಅದೇ ಫೋಟೋವನ್ನು ಮ್ಯಾಟ್ ಕಾಗದದ ಮೇಲೆ, ತುಸು ಕಂದು ಛಾಯೆ ಬೆರೆಸಿ ಮುದ್ರಿಸಿ ನೋಡಬೇಕು. ಅದು ಒಪ್ಪಿಗೆಯಾದರೆ ಉಳಿದ ಕಪ್ಪು-ಬಿಳುಪಿನವಕ್ಕೂ ಅದೇ ಕಾಗದ.