ಯಾರ ಪರಿಚಯವೂ ಇಲ್ಲದ ಊರಿನಲ್ಲಿ ಶಾಖೆ ಕಟ್ಟಿದ್ದು ಹೇಗೆ?

ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ನಮ್ಮದು ಸ್ವಯಂಸೇವಕರ ಸಂಸ್ಥೆ. ಹಾಸಿಗೆ ಹಿಡಿದವರ ಮನೆಗೆ ಹೋಗಿ ಅವರ ಜೊತೆ ಕೂರುತ್ತೇವೆ, ಹಗಲೂ ರಾತ್ರಿ ಅವರನ್ನು ನೋಡಿಕೊಳ್ಳುವ ಮನೆಯವರಿಗೆ ಸ್ವಲ್ಪ ಬಿಡುವು ಸಿಗಲಿ ಅಂತ. ಅದರ ಹೊಸ ಶಾಖೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಈಗ ಶಾಖೆ ಚೆನ್ನಾಗಿ ನಡೆಯುತ್ತಿದೆ, ಹಾಗಾಗಿ ಬೇರೆ ಸಂಸ್ಥೆಗಳವರು ಫೋನ್ ಮಾಡಿ ಕೇಳುತ್ತಾರೆ: ಎಲ್ಲಿಂದ ಶುರು ಮಾಡಿದಿರಿ? ಜನ ಹೇಗೆ ಸಿಕ್ಕರು? ದುಡ್ಡು?

ಮೂರಕ್ಕೂ ನನ್ನ ಉತ್ತರ ಒಂದೇ. ಒಬ್ಬೊಬ್ಬರನ್ನೇ ಭೇಟಿ ಮಾಡಿ, ಮತ್ತೆ ಮತ್ತೆ ಭೇಟಿ ಮಾಡಿ, ಆಮೇಲೆ ಅವರನ್ನು ಒಬ್ಬರಿಗೊಬ್ಬರು ಪರಿಚಯ ಮಾಡಿಸಿ. ಈ ಮೂರನೆಯದನ್ನೇ ತುಂಬಾ ಜನ ಬಿಟ್ಟುಬಿಡುತ್ತಾರೆ.

ಹೊಸ ಊರಿಗೆ ಕಾಲಿಟ್ಟ ಕೂಡಲೇ ಉದ್ಘಾಟನೆ ಮಾಡಿಬಿಡೋಣ ಅನ್ನಿಸುತ್ತದೆ. ಬ್ಯಾನರ್, ಭಾಷಣ, ಫೋಟೊ. ಕೇಂದ್ರ ಕಚೇರಿಗೂ ಅದು ಇಷ್ಟವೇ. ನಾನು ಬೇಡ ಅನ್ನುತ್ತೇನೆ. ಬಂದವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ, ಮರುದಿನವೇ ಒಂದು ಮನೆಯಿಂದ ಫೋನ್ ಬಂದರೆ ಹೋಗುವವರು ಯಾರು? ಆ ಪ್ರಶ್ನೆಗೆ ನಾಲ್ಕು ಹೆಸರು ಹೇಳಲು ಆದ ಮೇಲೆ ಉದ್ಘಾಟನೆ ಇಟ್ಟುಕೊಳ್ಳಿ.

ಮೊದಲು ಭೇಟಿ ಮಾಡಬೇಕಾದವರು ಊರಿನ ದೊಡ್ಡವರಲ್ಲ, ಈ ಕೆಲಸವನ್ನು ಹೆಸರಿಲ್ಲದೆ ಈಗಾಗಲೇ ಮಾಡುತ್ತಿರುವವರು. ನರ್ಸುಗಳು, ತಾಯಿಯನ್ನೋ ಗಂಡನನ್ನೋ ವರ್ಷಗಟ್ಟಲೆ ನೋಡಿಕೊಂಡವರು, ಔಷಧಿ ಅಂಗಡಿಯವರು. ಯಾವ ಮನೆಯಲ್ಲಿ ಕಾಯಿಲೆ ಇದೆ ಎಂದು ಔಷಧಿ ಅಂಗಡಿಯವರು ನಮಗೆ ಹೇಳುವಂತಿಲ್ಲ, ನಾವು ಕೇಳಲೂಬಾರದು. ಆದರೆ ನಮ್ಮ ನಂಬರನ್ನು ಆ ಮನೆಯವರ ಕೈಗೆ ಕೊಡಬಹುದಲ್ವಾ? ಕರಪತ್ರ ಹಂಚಿ ಸಿಗದ ಮನೆಗಳು ಹೀಗೆ ಸಿಗುತ್ತವೆ.

ಮೊದಲ ಭೇಟಿಯಲ್ಲಿ ದುಡ್ಡಿನ ಮಾತು ಬೇಡ, ಸಮಯ ಕೊಡಿ ಅನ್ನುವುದೂ ಬೇಡ. ಇಲ್ಲಿ ಏನು ಕಷ್ಟ ಇದೆ, ಯಾರು ಏನು ಮಾಡುತ್ತಿದ್ದಾರೆ, ಹಿಂದೆ ಯಾರಾದರೂ ಇಂಥದ್ದು ಶುರು ಮಾಡಿ ಕೈಬಿಟ್ಟರಾ ಎಂದು ಕೇಳಿ. ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಚಿನ್ನ. ಜನ ಒಂದು ಸಲ ನಂಬಿ ಬೇಸರಪಟ್ಟಿದ್ದರೆ ಎರಡನೇ ಸಲ ಬಾಗಿಲು ತೆಗೆಯಲು ತಡ ಮಾಡುತ್ತಾರೆ, ಅದಕ್ಕೆ ಕಾರಣ ಗೊತ್ತಿದ್ದರೆ ನಮಗೂ ಬೇಜಾರಾಗುವುದಿಲ್ಲ. ಹೊರಡುವಾಗ ಒಂದೇ ಮಾತು ಕೇಳಿ: ನಾನು ಇನ್ನು ಯಾರನ್ನು ನೋಡಬೇಕು? ಅವರು ಹೆಸರು ಹೇಳಿದರೆ, ಅವರ ಮರ್ಯಾದೆಯನ್ನೂ ನಮ್ಮ ಕೈಗೆ ಕೊಟ್ಟ ಹಾಗೆ. ಹೋಗಿ ಬಂದ ಮೇಲೆ ಫೋನ್ ಮಾಡಿ ಏನಾಯಿತು ಎಂದು ತಿಳಿಸಲೇಬೇಕು. ಇದು ಸಣ್ಣ ವಿಷಯ ಅನ್ನಿಸಬಹುದು, ನನ್ನ ಪ್ರಕಾರ ಅರ್ಧ ಕೆಲಸ ನಡೆಯುವುದೇ ಇದರಿಂದ.

ಆಪ್ತ ಸ್ನೇಹಿತರಿಂದ ಶುರು ಮಾಡಬೇಕಾ ಎಂದೂ ಕೇಳುತ್ತಾರೆ. ಬೆಂಬಲಕ್ಕೆ ಸ್ನೇಹಿತರು ಬೇಕೇ ಬೇಕು. ಆದರೆ ಹೊಸ ಬಾಗಿಲು ತೆಗೆಸುವವರು ಹೆಚ್ಚಾಗಿ ದೂರದ ಪರಿಚಯದವರು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೋವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನೇ ತೋರಿಸಿದರು. ನಮ್ಮ ಹತ್ತಿರದವರಿಗೆ ಗೊತ್ತಿರುವ ಜನ ನಮಗೂ ಗೊತ್ತು, ಅಪರೂಪಕ್ಕೆ ಸಿಗುವವರು ಓಡಾಡುವ ವಲಯವೇ ಬೇರೆ. ರೋಟರಿ ಕ್ಲಬ್ಬಿನ ಕಥೆಯೂ ಹಾಗೇ ಇದೆ. 1905ರಲ್ಲಿ ಪಾಲ್ ಹ್ಯಾರಿಸ್ ಅದನ್ನು ಷಿಕಾಗೋದಲ್ಲಿ ಶುರು ಮಾಡಿದರು. ಎರಡನೇ ಕ್ಲಬ್ ಹುಟ್ಟಿದ್ದು 1908ರಲ್ಲಿ, ದೂರದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಹ್ಯಾರಿಸರ ಸ್ನೇಹಿತರೊಬ್ಬರು ಅಲ್ಲಿಗೆ ಹೋದಾಗ ಹೋಮರ್ ವುಡ್ ಎಂಬ ವಕೀಲರ ಜೊತೆ ಮಾತಾಡುತ್ತಾ ಕ್ಲಬ್ಬಿನ ವಿಷಯ ತೆಗೆದರು. ವುಡ್ ಅದನ್ನು ಕೈಗೆತ್ತಿಕೊಂಡರು, ಅಷ್ಟೇ.

ಇನ್ನು ಪಟ್ಟು ಬಿಡದಿರುವುದು. ಇದರ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಕ್ಲಾರಾ ಬಾರ್ಟನ್ ನೆನಪಾಗುತ್ತಾರೆ. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿ ದಣಿದಿದ್ದ ಅವರು 1869ರಲ್ಲಿ ವಿಶ್ರಾಂತಿಗೆಂದು ಯುರೋಪಿಗೆ ಹೋದರು, ಜಿನೀವಾದಲ್ಲಿ ರೆಡ್ ಕ್ರಾಸ್ ಬಗ್ಗೆ ತಿಳಿದುಕೊಂಡರು. ಇದು ನಮ್ಮ ದೇಶಕ್ಕೂ ಬೇಕು ಎಂದು ಮನಸ್ಸಿಗೆ ಬಂತು. ವಾಪಸ್ ಬಂದ ಮೇಲೆ ಆರೋಗ್ಯ ಕೆಟ್ಟಿತು. ಸುಧಾರಿಸಿಕೊಂಡು ಅಧ್ಯಕ್ಷ ಹೇಯ್ಸ್ ಸರ್ಕಾರದ ಹತ್ತಿರ ಹೋದರೆ ಯಾರೂ ಆಸಕ್ತಿ ತೋರಲಿಲ್ಲ. ಮುಂದಿನ ಅಧ್ಯಕ್ಷ ಗಾರ್ಫೀಲ್ಡ್ ಕಾಲದಲ್ಲಿ ಒಪ್ಪಿಗೆಯ ಸೂಚನೆ ಸಿಕ್ಕಿತು, ಅಷ್ಟರಲ್ಲಿ ಅವರ ಮೇಲೆ ಗುಂಡಿನ ದಾಳಿ ನಡೆದು 1881ರ ಸೆಪ್ಟೆಂಬರಿನಲ್ಲಿ ತೀರಿಹೋದರು. ಗಾರ್ಫೀಲ್ಡ್ ನಂತರ ಅಧ್ಯಕ್ಷರಾದ ಆರ್ಥರ್ ಅವರ ಹತ್ತಿರವೂ ಬಾರ್ಟನ್ ಹೋದರು. 1882ರಲ್ಲಿ ಅಮೆರಿಕ, ಯುದ್ಧದ ಗಾಯಾಳುಗಳನ್ನು ಕಾಪಾಡಲು ದೇಶಗಳು ಮಾಡಿಕೊಂಡಿದ್ದ ಜಿನೀವಾ ಒಪ್ಪಂದಕ್ಕೆ ಸೇರಿತು.

ಇದರಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಬೇರೆಯೇ. ಸರ್ಕಾರದ ಸಹಿಗಾಗಿ ಅವರು ಸುಮ್ನೆ ಕಾಯುತ್ತಾ ಕೂರಲಿಲ್ಲ. 1881ರ ಮೇ ತಿಂಗಳಲ್ಲೇ ಸಂಸ್ಥೆ ಕಟ್ಟಿದರು. ಅದೇ ಆಗಸ್ಟಿನಲ್ಲಿ ಮೊದಲ ಸ್ಥಳೀಯ ಶಾಖೆ ಶುರುವಾಯಿತು. ರಾಜಧಾನಿಯಲ್ಲಿ ಅಲ್ಲ, ಡ್ಯಾನ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ. ಆರೋಗ್ಯ ಸುಧಾರಿಸಿಕೊಳ್ಳಲು ಅವರು ವರ್ಷಗಳಿಂದ ನೆಲೆಸಿದ್ದು ಅಲ್ಲೇ. ಅಲ್ಲಿನ ಜನಕ್ಕೆ ಅವರ ಸಂಸ್ಥೆಗಿಂತ ಮೊದಲು ಅವರೇ ಗೊತ್ತಿದ್ದರು. ಕೆಲವೇ ವಾರಗಳಲ್ಲಿ ಮಿಷಿಗನ್ನಿನಲ್ಲಿ ಭಾರೀ ಕಾಡ್ಗಿಚ್ಚು ಎದ್ದಾಗ, ಆ ಎಳೆಯ ಶಾಖೆಯೇ ದುಡ್ಡು, ಸಾಮಾನು ಒಟ್ಟು ಮಾಡಿ ಕಳಿಸಿತು.

ಪಟ್ಟು ಬಿಡದಿರುವುದು ಅಂದರೆ ಒಬ್ಬರನ್ನೇ ಬೆನ್ನು ಹತ್ತಿ ಗೋಳು ಹೊಯ್ದುಕೊಳ್ಳುವುದಲ್ಲ. ಪ್ರತಿ ಸಲ ಹೋದಾಗಲೂ ಹೇಳಲು ಹೊಸದೊಂದು ಇರಬೇಕು: ಕಳೆದ ಸಲ ನೀವು ಎತ್ತಿದ ಅನುಮಾನಕ್ಕೆ ಹೀಗೊಂದು ದಾರಿ ಮಾಡಿದ್ದೇವೆ, ಇಷ್ಟು ಮನೆಗೆ ಹೋಗುತ್ತಿದ್ದೇವೆ. ಆಗಲ್ಲ ಅನ್ನುವುದರಲ್ಲೂ ಬೇರೆ ಬೇರೆ ಬಗೆ ಇವೆ. ಈಗ ಆಗಲ್ಲ ಅನ್ನುವವರು ಇದ್ದಾರೆ, ನಿಮ್ಮ ಮೇಲೆ ಇನ್ನೂ ನಂಬಿಕೆ ಬಂದಿಲ್ಲ ಅನ್ನುವುದನ್ನು ಮರ್ಯಾದೆಯಿಂದ ಹಾಗೆ ಹೇಳುವವರು ಇದ್ದಾರೆ. ನಿಜವಾಗಿಯೂ ಮನಸ್ಸಿಲ್ಲದವರನ್ನು ಬಿಟ್ಟುಬಿಡಬೇಕು, ನಗುನಗುತ್ತಾ. ಇದನ್ನು ಗುರುತಿಸಲು ಒಂದು ನೋಟ್‌ಬುಕ್ ಇಡಿ. ಯಾರನ್ನು ಯಾವಾಗ ನೋಡಿದೆ, ಏನು ಹೇಳಿದರು, ನಾನು ಏನು ಮಾತು ಕೊಟ್ಟೆ. ಕೊಟ್ಟ ಮಾತು ಮರೆತರೆ ಆ ಬಾಗಿಲು ಮತ್ತೆ ತೆರೆಯುವುದು ಕಷ್ಟ.

ದುಡ್ಡಿನ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಮೊದಲ ದಿನದಿಂದಲೇ ಶಾಖೆಯ ಲೆಕ್ಕ ಬೇರೆ, ನಿಮ್ಮ ಜೇಬು ಬೇರೆ. ಬ್ಯಾಂಕಿನಲ್ಲಿ ಇಬ್ಬರ ಸಹಿ ಇರಲಿ, ಎಷ್ಟೇ ಸಣ್ಣ ಮೊತ್ತವಾದರೂ ರಸೀದಿ ಕೊಡಿ. ಎಷ್ಟು ಖರ್ಚನ್ನು ಶಾಖೆಯೇ ನಿರ್ಧರಿಸಬಹುದು, ಯಾವುದಕ್ಕೆ ಕೇಂದ್ರ ಕಚೇರಿಯನ್ನು ಕೇಳಬೇಕು ಎಂಬುದು ಶುರುವಿನಲ್ಲೇ ಬರವಣಿಗೆಯಲ್ಲಿ ಇರಬೇಕು. ಸ್ನೇಹದ ಮೇಲೆ ಕಟ್ಟಿದ ಶಾಖೆಗೆ ಇದು ಇನ್ನೂ ಜಾಸ್ತಿ ಬೇಕು. ಸ್ನೇಹಿತರಿಗೆ ಒಬ್ಬರನ್ನೊಬ್ಬರು ಲೆಕ್ಕ ಕೇಳಲು ಮುಜುಗರ, ಕೇಳದೇ ಹೋದರೆ ಒಳಗೊಳಗೇ ಅನುಮಾನ.

ಈಗ ಆ ಮೂರನೆಯ ಮಾತು, ಒಬ್ಬರಿಗೊಬ್ಬರನ್ನು ಪರಿಚಯ ಮಾಡಿಸುವುದು. ಶುರುವಿನಲ್ಲಿ ಎಲ್ಲರೂ ನಿಮ್ಮ ಮುಖ ನೋಡಿ ಬರುತ್ತಾರೆ. ಹಾಗೇ ಬಿಟ್ಟರೆ ಪ್ರತಿ ಫೋನ್ ನಿಮಗೇ ಬರುತ್ತದೆ, ಪ್ರತಿ ಜಗಳ ನೀವೇ ಬಿಡಿಸಬೇಕು, ನೀವು ಹೊರಟ ದಿನ ಶಾಖೆಗೂ ಬೀಗ. ನಡುವೆ ನೀವೊಬ್ಬರೇ ಕಂಬ ಆಗಬೇಡಿ. ನಾನು ಹೊಸಬರನ್ನು ಒಂಟಿಯಾಗಿ ಯಾವ ಮನೆಗೂ ಕಳಿಸುವುದಿಲ್ಲ, ಇಬ್ಬಿಬ್ಬರನ್ನು ಜೋಡಿ ಮಾಡಿ ಕಳಿಸುತ್ತೇನೆ. ಕಾಯಿಲೆಯ ಮನೆಯಲ್ಲಿ ಒಟ್ಟಿಗೆ ಕೂತು ಬಂದವರ ನಡುವೆ ಸಭೆಗಳಲ್ಲಿ ಹುಟ್ಟದ ಸ್ನೇಹ ಹುಟ್ಟುತ್ತದೆ. ಅವರಲ್ಲಿ ಒಬ್ಬರು ದಣಿದರೆ ಇನ್ನೊಬ್ಬರಿಗೆ ಮೊದಲೇ ಗೊತ್ತಾಗುತ್ತದೆ. ಉತ್ಸಾಹದಿಂದ ಬಂದವರ ಮೇಲೇ ಎಲ್ಲ ಹೊರೆ ಹಾಕಿ ಅವರನ್ನು ಕಳೆದುಕೊಳ್ಳುವುದು ಹೊಸ ಶಾಖೆಗಳಲ್ಲಿ ತುಂಬಾ ಆಗುತ್ತದೆ, ಜೋಡಿ ಇದ್ದರೆ ಅದು ಎಷ್ಟೋ ಕಡಿಮೆ.

ಎಷ್ಟು ಸಮಯ ಬೇಕು ಅನ್ನುವವರಿಗೆ ತಿಂಗಳ ಲೆಕ್ಕ ಕೊಡಲು ನನಗೆ ಇಷ್ಟವಿಲ್ಲ, ಒಂದೊಂದು ಊರು ಒಂದೊಂದು ಥರ. ಒಂದು ಗುರುತು ಹೇಳಬಲ್ಲೆ. ನಿಮಗೆ ಪರಿಚಯವೇ ಇಲ್ಲದ ಸ್ವಯಂಸೇವಕರನ್ನು ಬೇರೆ ಯಾರೋ ಕರೆದುಕೊಂಡು ಬಂದು, ಕೆಲಸ ಕಲಿಸಿ, ಜೋಡಿ ಮಾಡಿ ಆಗಿರಬೇಕು, ಅದು ನಿಮಗೆ ಆಮೇಲೆ ತಿಳಿಯಬೇಕು. ಅಲ್ಲಿಯವರೆಗೆ ಆ ಊರು ಬಿಡಬೇಡಿ. ಅದಾದ ಮೇಲೆ ಮುಂದೆ ಶಾಖೆ ನಡೆಸುವವರನ್ನು ಜೊತೆಗೆ ಕರೆದುಕೊಂಡು, ನೋಟ್‌ಬುಕ್ಕಿನಲ್ಲಿರುವ ಒಬ್ಬೊಬ್ಬರ ಮನೆಗೂ ಇನ್ನೊಮ್ಮೆ ಹೋಗಿ ಬನ್ನಿ. ಫೋನಿನಲ್ಲಿ ಹೇಳಿ ಮುಗಿಸಬೇಡಿ.