ಒಂದು ಯಂತ್ರದಲ್ಲಿ ಕಲಿತದ್ದು ಇನ್ನೊಂದರಲ್ಲಿ ನಡೆಯುವುದಿಲ್ಲ

ಚಿಂತಾಮಣಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕವೊಂದಿದೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಕಂಡಿರುವ ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಇಂಥ ಘಟಕಗಳು ಚೆನ್ನಾಗಿ ಗೊತ್ತು: ಕ್ಯಾನನ್ನು ನಲ್ಲಿಯ ಕೆಳಗಿಟ್ಟು ನಾಣ್ಯ ಹಾಕಿದರೆ 20 ಲೀಟರ್ ನೀರು ಬಿದ್ದು ತಾನಾಗಿಯೇ ನಿಲ್ಲುತ್ತದೆ. ಎಪ್ಪತ್ತರ ಆಸುಪಾಸಿನ ನನ್ನ ಅಮ್ಮ ಅದನ್ನು ಯಾರ ನೆರವೂ ಇಲ್ಲದೆ ಬಳಸುತ್ತಾಳೆ. ತಂಗಿಯ ಊರಿಗೆ ಹೋದರೆ ಅಲ್ಲಿನ ಘಟಕವನ್ನೂ ಹಾಗೆಯೇ ಬಳಸುತ್ತಾಳೆ. ಅಂಥವಳು ಕಳೆದ ಬೇಸಿಗೆಯಲ್ಲಿ ಮೂರು ತಿಂಗಳು ನಮ್ಮೊಡನಿರಲು ಲಂಡನ್ನಿನ ಎನ್‌ಫೀಲ್ಡಿಗೆ ಬಂದಾಗ, ಕೊಂಡವರೇ ಬಿಲ್ಲು ಮಾಡಿಕೊಳ್ಳಬೇಕಾದ ಇಲ್ಲಿನ ಅಂಗಡಿಯ ಯಂತ್ರಗಳ ಮುಂದೆ ಪಟ್ಟ ಸಂಕಟವನ್ನು ಕಂಡ ಮೇಲೆ, ಇಷ್ಟು ವರ್ಷ ನನ್ನೊಳಗೇ ಇದ್ದ ಕಿರಿಕಿರಿಯ ಕಾರಣ ನನಗೆ ಸರಿಯಾಗಿ ಅರ್ಥವಾಯಿತು.

ಎನ್‌ಫೀಲ್ಡಿಗೆ ಯಂತ್ರಗಳು ಹೊಸತಲ್ಲ. ಜಗತ್ತಿನ ಮೊದಲನೆಯದೆಂದು ಹೇಳಲಾಗುವ ನಗದು ಯಂತ್ರವನ್ನು ಬಾರ್ಕ್ಲೇಸ್ ಬ್ಯಾಂಕು 1967ರ ಜೂನ್ 27ರಂದು ತೆರೆದದ್ದು ಇದೇ ಊರಿನಲ್ಲಿ. ಈಗ ರೈಲಿನ ಟಿಕೆಟ್ಟಿಗೆ, ಕಾರು ನಿಲ್ಲಿಸಲಿಕ್ಕೆ, ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಕೂಡ ಯಂತ್ರದ ಮುಂದೆಯೇ ನಿಲ್ಲಬೇಕು.

ನಮ್ಮ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಎರಡು ದೊಡ್ಡ ಅಂಗಡಿಗಳಿವೆ. ಮೊದಲನೆಯದರಲ್ಲಿ ಈರುಳ್ಳಿ ಕೊಳ್ಳುವ ಕ್ರಮವನ್ನು ಅಮ್ಮನಿಗೆ ಕಲಿಸಿದೆ: ಪರದೆಯ ಮೇಲೆ ಈರುಳ್ಳಿಯ ಚಿತ್ರವನ್ನು ಮುಟ್ಟಬೇಕು, ಆಮೇಲೆ ತಕ್ಕಡಿಯ ಮೇಲಿಡಬೇಕು, ತೂಕವಾದ ಮೇಲೆ ಬಲಗಡೆಯ ಚೀಲಕ್ಕೆ ಹಾಕಬೇಕು. ಎರಡೇ ವಾರದಲ್ಲಿ ಅವಳು ಒಬ್ಬಳೇ ಹೋಗಿ ಬರತೊಡಗಿದಳು. ಒಂದು ದಿನ ಇಬ್ಬರೂ ಎರಡನೆಯ ಅಂಗಡಿಗೆ ಹೋದೆವು. ಅಲ್ಲಿ ಮೊದಲು ತೂಕ, ಆಮೇಲೆ ಚಿತ್ರ. ಚೀಲದ ಜಾಗ ಎಡಗಡೆ. ಮನೆಯಿಂದ ಚೀಲ ತಂದಿದ್ದರೆ ಅದನ್ನು ಇಡುವ ಮುನ್ನವೇ ಯಂತ್ರಕ್ಕೆ ತಿಳಿಸಬೇಕು. ಚಿಂತಾಮಣಿಯಿಂದ ತಂದ ಬಟ್ಟೆಯ ಚೀಲವನ್ನು ಅಮ್ಮ ಅಭ್ಯಾಸದಂತೆ ಬಲಗಡೆಯ ತಟ್ಟೆಯ ಮೇಲಿಟ್ಟಳು. ಆ ಯಂತ್ರದಲ್ಲಿ ತಕ್ಕಡಿ ಇದ್ದದ್ದೇ ಅಲ್ಲಿ. ಮೇಲಿನ ಕಂಬದಲ್ಲಿ ಕೆಂಪು ದೀಪ ಹತ್ತಿತು, ಯಂತ್ರ ಗಟ್ಟಿಯಾಗಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳತೊಡಗಿತು, ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ಅಮ್ಮ ಎರಡೂ ಕೈಗಳನ್ನು ಹಿಂದಕ್ಕೆ ಎಳೆದುಕೊಂಡಳು.

"ಆ ಅಂಗ್ಡೀಲಿ ಹಿಂಗೇ ತಾನೇ ಮಾಡಿದ್ದು? ನಾನೇನಮ್ಮ ತಪ್ಪು ಮಾಡ್ದೆ?" ಎಂದಳು. ಅವಳು ಯಾವ ತಪ್ಪನ್ನೂ ಮಾಡಿರಲಿಲ್ಲ. ಅಲ್ಲಿಂದಾಚೆಗೆ ಆ ಅಂಗಡಿಗೆ ಅವಳು ಒಬ್ಬಳೇ ಹೋಗಲಿಲ್ಲ.

ಇಂಗ್ಲಿಷ್ ಬಾರದ್ದೇ ತೊಂದರೆ ಎಂದು ಊರಿನ ನೆಂಟರು ತಿಳಿದಿದ್ದಾರೆ, ಅದು ನಿಜವಲ್ಲ. ಕನ್ನಡ, ತೆಲುಗು ಎರಡನ್ನೂ ಓದುವ ಅಮ್ಮನಿಗೆ ಈರುಳ್ಳಿಯ ಚಿತ್ರವಾಗಲಿ ಹಸಿರು ಗುಂಡಿಯಾಗಲಿ ತಿಳಿಯದ್ದಲ್ಲ. ಅಷ್ಟೇ ಏಕೆ, ಬಿಲ್ಲಿನ ಕೊನೆಯಲ್ಲಿ ಕಾರ್ಡು ಹಾಕುವ ಪುಟ್ಟ ಯಂತ್ರವನ್ನು ಅವಳು ಎರಡೂ ಅಂಗಡಿಗಳಲ್ಲಿ ಸರಾಗವಾಗಿ ಬಳಸಿದಳು. ಬರುವ ಮುನ್ನ ಮಾಡಿಸಿಕೊಂಡ ಪ್ರಯಾಣದ ಕಾರ್ಡಿಗೂ ತನ್ನ ಹಳೆಯ ಪಿನ್ ಸಂಖ್ಯೆಯನ್ನೇ ಇಟ್ಟುಕೊಂಡಿದ್ದಳು. ಆ ಸಂಖ್ಯೆ ಅವಳಿಗೆ ನೆನಪಿರುವುದು ಅಂಕಿಗಳಾಗಿ ಅಲ್ಲ, ಬೆರಳು ಓಡುವ ದಾರಿಯಾಗಿ. ಆ ದಾರಿ ಚಿಂತಾಮಣಿಯ ಎಟಿಎಮ್ಮಿನಲ್ಲಿ ಹೇಗೋ ಇಲ್ಲಿಯೂ ಹಾಗೆಯೇ: ಮೇಲಿನ ಸಾಲಿನಲ್ಲಿ 1, 2, 3, ನಡುವಿನ 5ರ ಮೇಲೆ ಬೆರಳಿಗೆ ತಾಗುವ ಚಿಕ್ಕ ಉಬ್ಬು, ಒಪ್ಪಿಗೆಗೆ ಹಸಿರು, ಬೇಡವೆನ್ನಲು ಕೆಂಪು. ಲೆಕ್ಕ ಮಾಡುವ ಕ್ಯಾಲ್ಕುಲೇಟರಿನಲ್ಲಿ 7, 8, 9 ಮೇಲಿರುತ್ತದೆ. ಫೋನಿಗೆ ಯಾವ ಜೋಡಣೆ ಒಳ್ಳೆಯದೆಂದು ಅಮೆರಿಕದ ಬೆಲ್ ಪ್ರಯೋಗಾಲಯದವರು ಜನರಿಂದ ಗುಂಡಿ ಒತ್ತಿಸಿ ಪರೀಕ್ಷಿಸಿ, ಅದರ ವಿವರವನ್ನು 1960ರಲ್ಲಿ ಪ್ರಕಟಿಸಿದರು. 1963ರಲ್ಲಿ, 1, 2, 3 ಮೇಲಿರುವ ಗುಂಡಿಯ ಫೋನು ಮಾರುಕಟ್ಟೆಗೆ ಬಂತು. ಆ ಜೋಡಣೆಯನ್ನೇ ಲೋಕವೆಲ್ಲ ಅನುಸರಿಸಿತು. ಅಷ್ಟು ಹಿಂದೆ ಅಂಕಿಗಳ ವಿಷಯದಲ್ಲಿ ಸಾಧ್ಯವಾದ ಒಪ್ಪಂದ ತಕ್ಕಡಿ, ಚೀಲಗಳ ವಿಷಯದಲ್ಲಿ ಇಂದು ಏಕೆ ಸಾಧ್ಯವಿಲ್ಲ ಎಂಬುದು ನನ್ನ ಪ್ರಶ್ನೆ.

ವಯಸ್ಸಾದವರಿಗೆ ಮಾತ್ರ ಹೀಗಾಗುತ್ತದೆಂದೂ ಹೇಳುವಂತಿಲ್ಲ. ಬ್ರಿಟನ್ನಿನ ಬಂಕುಗಳಲ್ಲಿ ಪೆಟ್ರೋಲಿನ ಪೈಪಿಗೆ ಹಸಿರು, ಡೀಸೆಲ್ಲಿಗೆ ಕಪ್ಪು. ಅಮೆರಿಕದ ಹಲವು ಬಂಕುಗಳಲ್ಲಿ ಹಸಿರು ಎಂದರೆ ಡೀಸೆಲ್. ಅಲ್ಲಿಗೆ ಹೋದಾಗ ನನ್ನ ಕೈ ತಾನಾಗಿಯೇ ಹಸಿರಿನ ಕಡೆಗೆ ಹೋಗಿತ್ತು. ಜೊತೆಯಲ್ಲಿದ್ದ ಭಾವ ತಡೆದರು.

ಅಮ್ಮ ಊರಿಗೆ ಮರಳಿ ಈಗ ಐದು ತಿಂಗಳಾಯಿತು. ಹೋದ ಭಾನುವಾರ ಫೋನಿನಲ್ಲಿ, ನೀರಿನ ಘಟಕದಲ್ಲಿ ನಾಣ್ಯದ ಬದಲು ಕಾರ್ಡು ತೋರಿಸುವ ಹೊಸ ಪೆಟ್ಟಿಗೆ ಕೂರಿಸಿದ್ದಾರೆಂದು ಹೇಳಿದಳು. ನನಗೆ ಕಳವಳವಾಗಿ, ಕಷ್ಟವಾಯಿತೇ ಎಂದು ಕೇಳಿದೆ.

"ಇಲ್ಲಮ್ಮ, ನಾಣ್ಯ ಹಾಕ್ತಿದ್ದ ಜಾಗದಲ್ಲೇ ಕಾರ್ಡ್ ತೋರ್ಸೋದು. ಕ್ಯಾನ್ ಇಡೋ ಜಾಗಾನೂ ಅದೇ" ಎಂದಳು.