ಜೆನೆಟಿಕ್ ಕೌನ್ಸೆಲರ್ ಕುರ್ಚಿ ಓಪಿಡಿ ಒಳಗೇ ಇರಲಿ

ದಾವಣಗೆರೆಯ ಆಸ್ಪತ್ರೆಗಳಿಗೆ ಜಗಳೂರು, ಹರಪನಹಳ್ಳಿ, ಚನ್ನಗಿರಿ, ಹೊಳಲ್ಕೆರೆ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುವವರು ಬಹಳ. ಸಂಜೆ ಬಸ್ಸಿಗೆ ಊರು ಸೇರಬೇಕು. ವಂಶದಲ್ಲಿ ಹರಿಯುವ ರೋಗಗಳ ಬಗ್ಗೆ ಕುಟುಂಬಕ್ಕೆ ತಿಳಿಹೇಳುವುದಕ್ಕೆ ಜೆನೆಟಿಕ್ ಕೌನ್ಸೆಲಿಂಗ್ ಎನ್ನುತ್ತಾರೆ. ಇಂಥ ದೂರದವರ ಕೈಗೆ ‘ಗುರುವಾರ ಜೆನೆಟಿಕ್ ಕೌನ್ಸೆಲಿಂಗ್‌ಗೆ ಬನ್ನಿ’ ಎಂದು ಚೀಟಿ ಕೊಟ್ಟರೆ ಗುರುವಾರ ಅವರು ಬರುವುದು ಅಪರೂಪ. ಇಬ್ಬರ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ. ಕೌನ್ಸೆಲಿಂಗ್ ಎಂದೊಡನೆ ಎಚ್‌ಐವಿ ಪರೀಕ್ಷೆಯ ಐಸಿಟಿಸಿ ಕೇಂದ್ರವೋ ಮಾನಸಿಕ ವಿಭಾಗವೋ ಎಂಬ ಅನುಮಾನವೂ ಮನೆಯಲ್ಲಿ ಏಳುತ್ತದೆ. ಜೆನೆಟಿಕ್ ಕೌನ್ಸೆಲರ್‌ಗೆ ಬೇರೆ ಕಟ್ಟಡದಲ್ಲಿ ಬೋರ್ಡು ಹಾಕಿ ಕೂರಿಸಿದರೆ ಕೆಲಸ ಸೋಲುವುದು ಇಲ್ಲಿಂದಲೇ. ಮಕ್ಕಳ ವಿಭಾಗ, ಹೆರಿಗೆ ವಿಭಾಗ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೊಫಿಲಿಯಾ ರೋಗದ ಕ್ಲಿನಿಕ್, ಕ್ಯಾನ್ಸರ್ ಓಪಿಡಿ: ಆಯಾ ವಿಭಾಗದ ದಿನದಂದು ವೈದ್ಯರ ಪಕ್ಕದ ಕೋಣೆಯಲ್ಲೇ ಅವರು ಇರಬೇಕು. ಬಾಗಿಲು ಮುಚ್ಚುವ ಕೋಣೆ, ಮೂರು ಕುರ್ಚಿ, ದೊಡ್ಡ ಹಾಳೆ, ಪೆನ್ಸಿಲ್ ಇದ್ದರೆ ಸಾಕು. ಮೊದಲ ಭೇಟಿಗೆ ಮುಕ್ಕಾಲು ಗಂಟೆ ಬೇಕು. ಅರ್ಧ ದಿನದ ಓಪಿಡಿಯಲ್ಲಿ ನಾಲ್ಕು ಹೊಸ ಕುಟುಂಬಗಳಿಗಿಂತ ಹೆಚ್ಚು ತುರುಕಿದರೆ ಮಾತು ಬರೀ ಫಾರಂ ತುಂಬಿಸುವುದಾಗುತ್ತದೆ.

ಯಾರನ್ನು ಕಳಿಸಬೇಕು ಎಂಬುದು ವೈದ್ಯರ ನೆನಪಿನ ಮೇಲೆ ನಿಲ್ಲಬಾರದು. ತೂಕ, ಬಿಪಿ ನೋಡುವ ಸಿಸ್ಟರ್ ಬಳಿಯೇ ಪಟ್ಟಿ ಇರಲಿ. ಮನೆಯಲ್ಲಿ ಇನ್ನೊಂದು ಮಗು ಹೀಗೇ ತೀರಿಕೊಂಡಿದೆಯೇ, ಎರಡು ಅಥವಾ ಹೆಚ್ಚು ಸಲ ಗರ್ಭ ಇಳಿದಿದೆಯೇ, ಮೈ ಸಡಿಲವಾಗಿರುವ ಅಥವಾ ಕಿವಿ ಕೇಳಿಸದ ಮಗುವೇ, ಹಿಮೊಫಿಲಿಯಾ ಹೊಸದಾಗಿ ಗೊತ್ತಾಗಿದೆಯೇ, ಅಂಡಾಶಯದ ಕ್ಯಾನ್ಸರೇ, ಐವತ್ತರೊಳಗೆ ಬಂದ ಸ್ತನ ಕ್ಯಾನ್ಸರೇ. ಒಂದಕ್ಕೆ ಹೌದು ಬಂದರೂ ಕೇಸ್ ಶೀಟಿನ ಮೂಲೆಯಲ್ಲಿ ಗುರುತು ಬೀಳಬೇಕು.

ವಂಶವೃಕ್ಷ ಬರೆಯುವಾಗ ‘ಸಂಬಂಧದಲ್ಲಿ ಮದುವೆಯಾ?’ ಎಂದು ಒಂದೇ ಪ್ರಶ್ನೆ ಕೇಳಿ ಮುಂದೆ ಹೋಗಬೇಡಿ. ದೂರದ ನಂಟಾದರೆ ‘ಇಲ್ಲ, ಹೊರಗಿಂದ ತಂದೀವಿ’ ಅನ್ನುತ್ತಾರೆ. ‘ಅಮ್ಮಾ, ನಿಮ್ಮ ತವರು ಯಾವೂರು? ಯಜಮಾನ್ರ ಅಜ್ಜಿ ಯಾವೂರಿಂದ ಬಂದೋರು?’ ಎಂದು ಕೇಳುತ್ತಾ ಹೋದರೆ ಎರಡೂ ಕಡೆ ಒಂದೇ ಹಳ್ಳಿ ಹೊರಬೀಳುವುದುಂಟು. ಮೂರು ತಲೆಮಾರು ಬರೆಯಿರಿ. ತೀರಿಕೊಂಡ ಕೂಸುಗಳನ್ನೂ ಬಿಡಬೇಡಿ. ಸೋದರಮಾವನನ್ನು ಮದುವೆಯಾದರೆ ಮಗುವಿನ ಎರಡೂ ಜೀನ್ ಪ್ರತಿಗಳು ಒಂದೇ ಹಿರಿಯರಿಂದ ಬಂದಿರುವ ಸಂಭವ ಎಂಟರಲ್ಲಿ ಒಂದು. ಅತ್ತೆಯ ಮಗನಾದರೆ ಹದಿನಾರರಲ್ಲಿ ಒಂದು. ಹಾಗೆಂದು ಮದುವೆಯನ್ನೇ ಹಳಿಯಬಾರದು. ಯಾವ ದಂಪತಿಗಾದರೂ ಹುಟ್ಟುನ್ಯೂನತೆಯ ಸಂಭವ ಶೇ. 2–3 ಇದ್ದೇ ಇದೆ, ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಅದು ಸುಮಾರು ಇಮ್ಮಡಿ. ಉಳಿದ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ ಎಂಬ ಅರ್ಧವನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ರೋಗ ಇಂಥದ್ದೇ ಎಂದು ಗೊತ್ತಾಗಿ, ತಂದೆ ತಾಯಿ ಇಬ್ಬರೂ ವಾಹಕರೆಂದು (ತಮಗೆ ರೋಗವಿಲ್ಲ, ಆದರೆ ಒಂದು ಜೀನ್ ಪ್ರತಿಯಲ್ಲಿ ದೋಷವಿದೆ ಎಂದು) ಖಚಿತವಾದಾಗ ‘ನಾಲ್ಕರಲ್ಲಿ ಒಂದು’ ಎನ್ನುತ್ತೇವೆ. ಇದನ್ನು ‘ಒಂದಕ್ಕೆ ಬಂದಾಯ್ತು, ಇನ್ನು ಮೂರಕ್ಕೆ ಭಯವಿಲ್ಲ’ ಎಂದು ಕೇಳಿಸಿಕೊಳ್ಳುವವರು ಬಹಳ. ಗಂಡ ಹೆಂಡತಿಯ ಕೈಗೆ ಒಂದೊಂದು ನಾಣ್ಯ ಕೊಟ್ಟು ನಾಲ್ಕೈದು ಸಲ ಹಾರಿಸಲು ಹೇಳಿ. ಎರಡೂ ರಾಜಮುದ್ರೆ ಬಿದ್ದರೆ ರೋಗ. ಪ್ರತಿ ಬಸಿರಿಗೂ ಹೊಸದಾಗಿ ಹಾರಿಸುತ್ತೇವೆ ಎಂಬುದು ಕಣ್ಣಿಗೇ ಕಾಣುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೈ ತಪ್ಪುವುದು ಸಮಯ. ಕೋರಿಯಾನಿಕ್ ವಿಲ್ಲಸ್, ಅಂದರೆ ಜರಾಯುವಿನ (ಮಾಸು) ಚಿಕ್ಕ ಚೂರಿನ ಮಾದರಿ ತೆಗೆಯುವುದು 11ರಿಂದ 14 ವಾರದೊಳಗೆ, ಗರ್ಭನೀರಿನ ಪರೀಕ್ಷೆ ಸಾಮಾನ್ಯವಾಗಿ 16 ವಾರದ ಹೊತ್ತಿಗೆ. ಆದರೆ ಯಾವ ಜೀನ್‌ನಲ್ಲಿ ಯಾವ ದೋಷ ಎಂದು ಮೊದಲೇ ಗೊತ್ತಿಲ್ಲದಿದ್ದರೆ ಗರ್ಭದಲ್ಲಿ ಹುಡುಕುವುದೇನನ್ನು? ರೋಗವಿರುವ ಮಗುವಿನ ಎಕ್ಸೋಮ್ (ಸಾವಿರಾರು ಜೀನ್‌ಗಳನ್ನು ಒಟ್ಟಿಗೆ ಓದುವ ಪರೀಕ್ಷೆ) ವರದಿಗೆ ನಾಲ್ಕರಿಂದ ಆರು ವಾರ ಹಿಡಿಯಬಹುದು, ತಂದೆ ತಾಯಿಯಲ್ಲಿ ಅದನ್ನೇ ಖಚಿತಪಡಿಸಲು ಇನ್ನೆರಡು ವಾರ, ಗರ್ಭದ ಮಾದರಿಗೆ ಮತ್ತೆ ಎರಡು ಮೂರು ವಾರ. 2021ರ ತಿದ್ದುಪಡಿಯ ನಂತರ ಗರ್ಭಪಾತಕ್ಕೆ 20 ವಾರದವರೆಗೆ ಒಬ್ಬ ವೈದ್ಯರ, ನಿಗದಿತ ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಅದರಾಚೆ ಭ್ರೂಣದ ಗಂಭೀರ ನ್ಯೂನತೆಗೆ ಮೆಡಿಕಲ್ ಬೋರ್ಡ್. 16ನೇ ವಾರಕ್ಕೆ ಬಂದವರ ಲೆಕ್ಕ ಹಾಕಿ ನೋಡಿ, ಎಲ್ಲಿಗೆ ಮುಟ್ಟುತ್ತದೆ ಎಂದು. ಆದ್ದರಿಂದ ಐಸಿಯುವಿನಲ್ಲಿ ಕೂಸು ಉಳಿಯುವುದು ಕಷ್ಟ ಎನಿಸಿದ ದಿನವೇ, ತಂದೆ ತಾಯಿಯ ಒಪ್ಪಿಗೆ ಪಡೆದು, ಇಡಿಟಿಎ ಟ್ಯೂಬಿನಲ್ಲಿ ಎರಡು ಮೂರು ಎಂಎಲ್ ರಕ್ತ ತೆಗೆದು ಡಿಎನ್ಎ ಕಾಪಿಡಬೇಕು. ಇದಕ್ಕೆ ಡ್ಯೂಟಿ ಡಾಕ್ಟರಿಗೆ ರಾತ್ರಿ ಹೊತ್ತಿನಲ್ಲೂ ಅಧಿಕಾರ ಇರಲಿ, ಕೌನ್ಸೆಲರ್ ಬರುವವರೆಗೆ ಕಾಯಬೇಡಿ.

ಪರೀಕ್ಷೆಯ ಆಯ್ಕೆಯಲ್ಲೂ ಹಣ ಪೋಲಾಗುತ್ತದೆ. ದುಬಾರಿ ಎಕ್ಸೋಮ್ ಮಾಡಿಸಿದರೆ ಎಲ್ಲ ಸಿಕ್ಕಂತೆ ಎಂಬ ನಂಬಿಕೆ ತಪ್ಪು. ತೀವ್ರ ಹಿಮೊಫಿಲಿಯಾ ಎ ಇರುವವರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ಇರುವ ಇಂಟ್ರಾನ್ 22 ತಿರುವುಮುರುವು (ಜೀನ್‌ನ ಒಂದು ತುಂಡು ತಲೆಕೆಳಗಾಗಿರುವ ದೋಷ) ಎಕ್ಸೋಮ್‌ನಲ್ಲಿ ಕಾಣುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ. ಸ್ನಾಯು ಸೊರಗಿಸುವ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿಗೂ ಡುಶೆನ್‌ಗೂ ಮೊದಲು ಎಂಎಲ್‌ಪಿಎ, ಅಂದರೆ ಜೀನ್‌ನ ತುಂಡು ಕಾಣೆಯಾಗಿದೆಯೇ ಹೆಚ್ಚಾಗಿದೆಯೇ ಎಂದು ನೋಡುವ ಪರೀಕ್ಷೆ. ಹಿಮೋಗ್ಲೋಬಿನ್ ದೋಷವಾದ ಥಲಸ್ಸೇಮಿಯಾಕ್ಕೆ, ಹಿಮೋಗ್ಲೋಬಿನ್ ಬಗೆಗಳನ್ನು ಅಳೆಯುವ ಎಚ್‌ಪಿಎಲ್‌ಸಿ ಮಾದರಿಯನ್ನು ಮಗುವಿಗೆ ರಕ್ತ ಏರಿಸುವ ಮೊದಲೇ ತೆಗೆಯಬೇಕು. ಕಬ್ಬಿಣದ ಕೊರತೆ ಇದ್ದರೆ ವಾಹಕರಲ್ಲಿ ಹೆಚ್ಚಿರುವ ಎಚ್‌ಬಿಎ2 ಎಂಬ ಹಿಮೋಗ್ಲೋಬಿನ್ ಪ್ರಮಾಣ ಶೇ. 3.5ರ ಕೆಳಗೆ ಇಳಿದು ವಾಹಕರು ತಪ್ಪಿಸಿಕೊಳ್ಳಬಹುದು.

ಹಿಮೊಫಿಲಿಯಾ ವಿಷಯದಲ್ಲಿ ದಾವಣಗೆರೆಗೆ ಒಂದು ಅನುಕೂಲವಿದೆ. ಹಿಮೊಫಿಲಿಯಾ ಸೊಸೈಟಿ ಇಲ್ಲಿ ಬಹುಕಾಲದಿಂದ ಬೇರೂರಿರುವುದರಿಂದ ಕುಟುಂಬಗಳು ಈಗಾಗಲೇ ಒಂದು ಕಡೆ ಸೇರುತ್ತವೆ. ಹುಡುಗನಿಗೆ ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಕೊಡುವ ದಿನವೇ ವಾಹಕರಾಗಿರಬಹುದಾದ ಅಕ್ಕ ತಂಗಿಯರ ಮಾತೂ ಆಗಲಿ. ಹುಡುಗಿಯ ಫ್ಯಾಕ್ಟರ್ ಮಟ್ಟ ನೋಡುವುದು ಅವಳ ಆರೋಗ್ಯಕ್ಕೆ ಈಗಲೇ ಬೇಕು, ಹಲ್ಲು ಕೀಳಿಸುವ ಮುನ್ನವಾದರೂ. ಜೀನ್ ಪರೀಕ್ಷೆಯನ್ನು ಅವಳೇ ನಿರ್ಧರಿಸುವ ವಯಸ್ಸಿಗೆ ಬಿಡಬಹುದು. ಮಟ್ಟ ಸರಿ ಇದೆ ಎಂದರೆ ವಾಹಕಳಲ್ಲ ಎಂದರ್ಥವಲ್ಲ. ವಾಹಕ ತಾಯಿ ಬಸಿರಾದಾಗ ಹೆರಿಗೆ ವಿಭಾಗದ ಶೀಟಿನಲ್ಲಿ ಕೆಂಪು ಅಕ್ಷರದಲ್ಲಿ ಬರೆಯಿರಿ: ವ್ಯಾಕ್ಯೂಮ್ (ಕೂಸಿನ ತಲೆ ಹೀರಿ ಎಳೆಯುವ ಸಾಧನ) ಬೇಡ, ಕೂಸಿನ ಫ್ಯಾಕ್ಟರ್ ಮಟ್ಟ ತಿಳಿಯುವವರೆಗೆ ಮಾಂಸಖಂಡಕ್ಕೆ ಇಂಜೆಕ್ಷನ್ ಬೇಡ, ಹೊಕ್ಕುಳಬಳ್ಳಿ ರಕ್ತ ಕಳಿಸಿ.

‘ತಾಯಿಯಿಂದ ಬಂದದ್ದು’ ಎಂಬ ಮಾತನ್ನು ಅತ್ತೆಯ ಎದುರು ಆಡಬೇಡಿ. ಹಿಮೊಫಿಲಿಯಾದಲ್ಲಿ ಸುಮಾರು ಮೂರನೇ ಒಂದು ಭಾಗ ಕುಟುಂಬದಲ್ಲಿ ಹಿಂದೆ ಇಲ್ಲದೆ ಹೊಸದಾಗಿ ಕಾಣಿಸಿಕೊಳ್ಳುತ್ತದೆ. ಪರೀಕ್ಷೆಗೆ ಮುಂಚೆ ಹೇಳುವುದು ತಪ್ಪೂ ಹೌದು, ಆ ಹೆಣ್ಣುಮಗಳ ಸಂಸಾರಕ್ಕೆ ಕುತ್ತೂ ಹೌದು. ಮೊದಲು ಅವಳೊಬ್ಬಳೊಡನೆ ಮಾತು, ಯಾರಿಗೆ ತಿಳಿಸಬಹುದು ಎಂದು ಅವಳಿಂದಲೇ ಕೇಳಿ ಬರೆದುಕೊಳ್ಳುವುದು, ಆಮೇಲೆ ಮನೆಯವರು. ಗರ್ಭದ ಪರೀಕ್ಷೆಗೆ ಕೇಂದ್ರ ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿಯಾಗಿರಬೇಕು, ಫಾರಂ ಜಿ ಒಪ್ಪಿಗೆ ಆಕೆಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ವರದಿ ಹೇಳುವಾಗ ‘ರೋಗವಿದೆ’ ಅಥವಾ ‘ರೋಗವಿಲ್ಲ’ ಎಂದಷ್ಟೇ. ಹಿಮೊಫಿಲಿಯಾದಂಥ ಎಕ್ಸ್ ಕ್ರೋಮೊಸೋಮಿನ ರೋಗದಲ್ಲಿ ವಾಹಕವಾಗುವುದು ಹೆಣ್ಣು ಕೂಸಾದ್ದರಿಂದ ‘ವಾಹಕ’ ಎಂದು ಬಾಯಿ ಜಾರಿದರೂ ಲಿಂಗ ಹೇಳಿದಂತಾಗುತ್ತದೆ.

ಕ್ಯಾನ್ಸರ್ ಓಪಿಡಿಯ ಕ್ರಮ ಬೇರೆ. ಅಲ್ಲಿ ಒಲಾಪರಿಬ್‌ನಂಥ ಔಷಧಿಯ ನಿರ್ಧಾರ ದೋಷವಿದ್ದರೆ ಸ್ತನ, ಅಂಡಾಶಯ ಕ್ಯಾನ್ಸರ್ ತರಬಲ್ಲ ಬಿಆರ್‌ಸಿಎ ಜೀನ್‌ಗಳ ವರದಿಗಾಗಿ ಕಾದಿರುತ್ತದೆ. ಆಂಕಾಲಜಿಸ್ಟ್ ತಾವೇ ಹತ್ತು ನಿಮಿಷ ಮಾತಾಡಿ ಒಪ್ಪಿಗೆ ಪಡೆದು ರಕ್ತ ಕಳಿಸಲಿ. ದೋಷ ಸಿಕ್ಕವರು, ಅರ್ಥ ಖಚಿತವಿಲ್ಲದ ಬದಲಾವಣೆ ಬಂದವರು, ವರದಿ ಸರಿ ಇದ್ದರೂ ಮನೆತುಂಬ ಕ್ಯಾನ್ಸರ್ ಇರುವವರು ಕೌನ್ಸೆಲರ್ ಬಳಿ ಬರಲಿ. ಅರ್ಥ ಖಚಿತವಿಲ್ಲದ ಬದಲಾವಣೆಯ ಆಧಾರದ ಮೇಲೆ ಅಂಡಾಶಯ ತೆಗೆಸುವುದಾಗಲಿ, ತಂಗಿಯರ ಪರೀಕ್ಷೆಯಾಗಲಿ ಕೂಡದು. ದೋಷ ಖಚಿತವಾದರೆ ತಂಗಿಗೆ ಆ ಒಂದು ದೋಷದ ಪರೀಕ್ಷೆ ಸಾಕು. ತಮ್ಮನನ್ನೂ ಕರೆಸಿ, ಅವನಲ್ಲಿ ಆ ದೋಷವಿದ್ದರೆ ಅವನ ಮಕ್ಕಳಿಗೂ ಅದು ಅರ್ಧಕ್ಕರ್ಧ ಸಂಭವದಲ್ಲಿ ಹೋಗುತ್ತದೆ.

ಸ್ಯಾಂಪಲ್ ಬೆಂಗಳೂರಿಗೆ ಹೋಗಬೇಕಾದರೆ ಶುಕ್ರವಾರ ಸಂಜೆ, ಶನಿವಾರ ಕಳಿಸಬೇಡಿ, ಕೊರಿಯರ್ ಗೋಡೌನಿನಲ್ಲಿ ಕೂರುತ್ತದೆ. ಡಿಎನ್ಎಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು, ಕ್ರೋಮೊಸೋಮ್ ಎಣಿಸಿ ನೋಡುವ ಕ್ಯಾರಿಯೊಟೈಪಿಗೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು. ಎರಡನೆಯದರಲ್ಲಿ ಜೀವಕೋಶ ಬದುಕಿರಬೇಕಾದ್ದರಿಂದ ಎರಡು ದಿನದೊಳಗೆ ಮುಟ್ಟಬೇಕು, ಐಸ್ ಪ್ಯಾಕ್ ನೇರವಾಗಿ ತಾಗಬಾರದು. ವಂಶವೃಕ್ಷ, ಸಂಭವದ ಅಂಕಿ, ಕಳಿಸಿದ ಪರೀಕ್ಷೆ, ವರದಿ ಬರಬೇಕಾದ ತಾರೀಖು, ಹೇಳುವವರು ಯಾರು: ಇಷ್ಟು ಅರ್ಧ ಪುಟದಲ್ಲಿ ವಿಭಾಗದ ಕೇಸ್ ಶೀಟಿನಲ್ಲೇ ಇರಬೇಕು, ಕೌನ್ಸೆಲರ್‌ನ ಪ್ರತ್ಯೇಕ ಪುಸ್ತಕದಲ್ಲಿ ಮಾತ್ರ ಅಲ್ಲ. ಫೋನ್ ನಂಬರು ಎರಡು ತೆಗೆದುಕೊಳ್ಳಿ, ಒಂದು ಆಕೆಯ ತವರಿನದು. ತವರಿನವರಿಗೆ ಕರೆ ಮಾಡಬಹುದೇ, ಏನು ಹೇಳಬಹುದು ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಿರಿ.